ಮೀಟರ್ ಮಾವನ ಮೀನಿಲ್ಲದ ಸಮುದ್ರ

ನನ್ನ ಸೋದರಮಾವನಷ್ಟು ಅನುಕೂಲದ ಜಾಗದಲ್ಲಿ ಮನೆ ಇಟ್ಟುಕೊಂಡು ಅವರಷ್ಟು ಅನಾನುಕೂಲ ಮಾಡಿಕೊಂಡವರು ಕಾಳಿನದಿಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ. ಮನೆ ಇರುವುದು ಚಿತ್ತಾಕುಲದಲ್ಲಿ. ಹಿತ್ತಲ ಬಾಗಿಲು ತೆಗೆದು ತೆಂಗಿನ ಮರಗಳನ್ನು ದಾಟಿದರೆ ಮರಳು, ಮರಳು ದಾಟಿದರೆ ಅರಬ್ಬಿ ಸಮುದ್ರ. ದೇವರು ಪುಕ್ಕಟೆ ಕೊಟ್ಟ ಅಷ್ಟು ದೊಡ್ಡ ಸಮುದ್ರಕ್ಕೆ ಬೆನ್ನು ಹಾಕಿ ಕೂತು ಈ ಮಹಾಶಯರು ಹಜಾರದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಇನ್ನೊಂದು ಸಮುದ್ರ ಮಾಡಿದರು! ಅದಕ್ಕೆ ಬೇಕಾದ ಉಪ್ಪನ್ನು ಪಾರ್ಸಲಿನಲ್ಲಿ ತರಿಸಿದರು!

ಕಾರವಾರದಲ್ಲಿ ಕೂತು ನಲ್ಲಿ ನೀರಿಗೆ ಉಪ್ಪು ಕಲಸಿ ಸಮುದ್ರದ ನೀರು ತಯಾರಿಸುವ ಮನುಷ್ಯನಿಗೆ ಏನೆನ್ನಬೇಕು? ನಾವು ಮನೆಯವರು ಏನೂ ಅನ್ನಲಿಲ್ಲ. ಆ ಕೆಲಸ ಊರು ಮಾಡಿತು.

ನಾನು ಅಂಕೋಲೆಯಲ್ಲಿ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಮನೆ ಭಾವಿಕೇರಿಯಲ್ಲಿ, ಅಮ್ಮನ ಜೊತೆ. ಭಾನುವಾರಗಳಂದು ಬಸ್ಸು ಹತ್ತಿ ಮಾವನನ್ನು ನೋಡಿ ಬರುವುದು ನನ್ನ ಪಾಲಿನ ಕೆಲಸ. ಹಾಗಾಗಿ ಈ ಸಮುದ್ರದ ಹುಟ್ಟನ್ನೂ ಆಮೇಲಿನದನ್ನೂ ಹತ್ತಿರದಿಂದ ನೋಡಿದವಳು ನಾನು. ನೋಡಿದಷ್ಟನ್ನೇ ಬರೆಯುತ್ತೇನೆ. ಮಾವನ ವಿಷಯದಲ್ಲಿ ಸೇರಿಸಿ ಹೇಳುವ ಅಗತ್ಯ ಯಾರಿಗೂ ಬಿದ್ದಿಲ್ಲ.

ಮಾವ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವವರಾಗಿದ್ದರು. ಊರಿಗೆಲ್ಲ ಅವರು ಮೀಟರಣ್ಣ. ಕಾರವಾರದ ಓಣಿಓಣಿಗಳಲ್ಲಿ ಯಾರ ಮೀಟರು ಬಾಗಿಲ ಬಲಕ್ಕಿದೆ, ಯಾರದು ಬಚ್ಚಲಿನ ಗೋಡೆಗಿದೆ, ಯಾರ ಮೀಟರ್ ಪೆಟ್ಟಿಗೆಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ಎಲ್ಲ ಅವರಿಗೆ ಬಾಯಿಪಾಠ. ಆದರೆ ಗೊತ್ತಿದ್ದದ್ದು ಜಗುಲಿಯವರೆಗೆ ಮಾತ್ರ. ಇವರು ಬಂದು ಹೋದ ಹಿಂದೆಯೇ ಬಿಲ್ಲು ಬರುತ್ತದೆ. ಅಂಥ ಮನುಷ್ಯನನ್ನು ಒಳಗೆ ಕರೆದು ಚಹಾ ಕೊಡುವವರು ಯಾರು?

"ಜಗುಲಿ ದಾಟಿ ನಾ ಒಳಗೆ ಹೋದ ಮನೆ ಅಂದ್ರೆ ನಿಮ್ಮದೊಂದೇ ಅಕ್ಕಾ," ಎಂದು ಒಮ್ಮೆ ಅಮ್ಮನಿಗೆ ಹೇಳಿದ್ದರು.

"ಹಂಗಾರೆ ಒಳಗೆ ಬಂದು ಉಣ್ಣು. ಗಂಜಿ ಆರ್ತಾ ಅದೆ," ಎಂದಳು ಅಮ್ಮ.

ಅವರು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಮೀಟರ್ ಓದಿ ಮುಗೀಲೇ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಓದುವುದಕ್ಕೆ ಮೀಟರೂ ಉಳಿಯಲಿಲ್ಲ. ಸ್ವಲ್ಪ ದಿನ ತಮ್ಮ ಮನೆಯದನ್ನೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿದರು. ಒಬ್ಬನೇ ಮನುಷ್ಯ, ಒಂದು ಫ್ಯಾನು, ಒಂದು ದೀಪ. ಓದುವಂಥದ್ದು ಅದರಲ್ಲಿ ಏನಿದ್ದೀತು?

ಅಷ್ಟರಲ್ಲಿ ಯಾವುದೋ ಕೆಲಸಕ್ಕೆ ಗೋವೆಗೆ ಹೋದವರು, ಪರಿಚಯದವರೊಬ್ಬರ ಮನೆಯಲ್ಲಿ ಹವಳದ ತೊಟ್ಟಿ ನೋಡಿದರು. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಮರಳಿದರು. ಚೀಲದೊಳಗೆ ಗಿಡದ ಟೊಂಗೆ ಕೊಟ್ಟಂತೆ ಅವರು ಕತ್ತರಿಸಿ ಕೊಟ್ಟ ಒಂದು ತುಂಡು ಹವಳ. ಹವಳವೆಂದರೆ ನಾನು ಉಂಗುರದ ಕೆಂಪು ಕಲ್ಲು ಎಂದುಕೊಂಡಿದ್ದೆ. ಇದು ಮುದುಡಿದ ಅಣಬೆಯ ಹಾಗೆ, ಕಂದು ಬಣ್ಣದ್ದು, ಮುಟ್ಟಿದರೆ ಹಳೇ ಚಪ್ಪಲಿ.

"ಕಲ್ಲು ಹವಳ ಸಾಕೂಕಾಗ, ಕಾಯ್ದೆ ಬಿಡೂದಿಲ್ಲ. ಇದು ಮೆತ್ತನೆ ಜಾತಿ, ಅಡ್ಡಿ ಇಲ್ಲ," ಎಂದು ಮನೆಯ ಮುಂದೆ ಹೋಗುವವರಿಗೆಲ್ಲ, ಅವರು ಕೇಳದೆಯೇ, ವಿವರಿಸಿದರು.

ಗೋವೆಯಲ್ಲಿ ಇದರ ತಾಯಿಹವಳ ಅರಳಿದ್ದನ್ನು ಅವರು ಕಂಡಿದ್ದರಂತೆ. ಮೈತುಂಬ ಅಕ್ಕಿಕಾಳಿನಷ್ಟೇ ಸಣ್ಣ ಹೂಗಳು, ಒಂದೊಂದು ಹೂವಿಗೂ ಎಂಟೆಂಟು ಬೆರಳು, ನೀರು ಅಲ್ಲಾಡಿದ ಹಾಗೆ ಅವೆಲ್ಲವೂ ಒಟ್ಟಿಗೆ ಕರೆಯುವಂತೆ ಅಲ್ಲಾಡುತ್ತಿದ್ದವಂತೆ. "ಬಾ ಬಾ ಅಂದ ಹಂಗೆ ಮಗಾ" ಎನ್ನುವಾಗ ಅವರ ಬೆರಳುಗಳೂ ಅಲ್ಲಾಡುತ್ತಿದ್ದವು. ಈ ತುಂಡು ಮಾತ್ರ ಬಂದಾಗಿನಿಂದ ಮುದುಡಿಯೇ ಇತ್ತು. ಅದೊಂದು ಅರಳಬೇಕು. ಮಾವನಿಗೆ ಉಳಿದಿದ್ದ ಆಸೆ ಇಷ್ಟೇ. ಅದು ಅರಳುವ ತನಕ ತೊಟ್ಟಿಗೆ ಮೀನು ಬಿಡುವುದಿಲ್ಲ ಎಂದು ಶಪಥ ಮಾಡಿಬಿಟ್ಟರು. ಮೀನಿದ್ದರೆ ಗಲೀಜು, ಗಲೀಜಿದ್ದರೆ ಹವಳಕ್ಕೆ ಬೇಸರ!

ಚಿತ್ತಾಕುಲದಂಥ ಊರಿನಲ್ಲಿ ಮೀನಿಲ್ಲದ ಮೀನಿನ ತೊಟ್ಟಿ! ಪಕ್ಕದ ಮನೆಯ ದೇವಕ್ಕ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟಳು: "ಮೀಟರಣ್ಣ, ಮೀನೇ ಇಲ್ದಿದ್ದ ಸಮುದ್ರ ಎಂತ ಸಮುದ್ರ ಹೇಳಿ! ಅದ್ಕಿಂತ ನಮ್ಮ ಸಾರಿನ ಮಡಕೆ ದೊಡ್ಡ ಸಮುದ್ರ."

ದೇವಕ್ಕ ಮೀನುಗಾರರ ಮನೆಯವಳು. ಬುಟ್ಟಿ ಹೊತ್ತು ಕಾರವಾರದಲ್ಲೆಲ್ಲ ಮೀನು ಮಾರಿದವಳು. ಈಗ ಮೊಣಕಾಲು ಕೈಕೊಟ್ಟು ಮನೆ ಹಿಡಿದಿದ್ದಾಳೆ. ದೋಣಿಯನ್ನು ಮಗ ಸಂತೋಷ ನೋಡಿಕೊಳ್ಳುತ್ತಾನೆ. ಮಾವ, ದೇವಕ್ಕ ಇಬ್ಬರೂ ತಮ್ಮ ಆಯುಷ್ಯವೆಲ್ಲ ಅವವೇ ಜಗುಲಿಗಳನ್ನು ಹತ್ತಿ ಇಳಿದವರು. ಆದರೆ ಇವರ ಜಗುಲಿ ಅವಳು ಹತ್ತಿದ್ದಿಲ್ಲ, ಅವಳದನ್ನು ಇವರು ಹತ್ತಿದ್ದು ಮೀಟರಿಗಾಗಿ ಮಾತ್ರ. ಮಾತುಕತೆಯೆಲ್ಲ ಬೇಲಿಯ ಮೇಲಿನಿಂದ.

ಮೊದಲಿಗೆ ಬೆಳಕಿನ ಪ್ರಶ್ನೆ ಬಂತು. ಮಾವ ತೊಟ್ಟಿಯ ಮೇಲೆ ಒಂದು ಟ್ಯೂಬ್‌ಲೈಟು ಕಟ್ಟಿದರು. ಹವಳ ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೆ ಮೊಬೈಲಿನಲ್ಲಿ ಓದಿ, ಭಾವಿಕೇರಿಗೆ ಬಂದಾಗ ಅಮ್ಮನಿಗೆ ಪಾಠ ಮಾಡಿದರು: "ಅಕ್ಕಾ, ಹವಳದ ಮೈಯೊಳಗೆ ಕಣ್ಣಿಗೆ ಕಾಣ್ದಂಥ ಪಾಚಿ ಇರ್ತದೆ. ಬೆಳಕು ಬಿದ್ರೆ ಆ ಪಾಚಿ ಅಡುಗೆ ಮಾಡ್ತದೆ, ಹವಳ ಕೂತಲ್ಲೇ ಉಣ್ತದೆ."

"ಅಡುಗೆಯವ್ರು ಮೈಯೊಳಗೇ ಇದ್ರಾ!" ಅಮ್ಮ ದಂಗಾದಳು. "ನಿಂಗಿಂತ ಪುಣ್ಯವಂತ ಪ್ರಾಣಿ ಅದು ತಮ್ಮಾ."

ಪಾಚಿಗೆ ಬೇಕಾದದ್ದು ಸೂರ್ಯನ ಜೋರಿನ ಬೆಳಕು ಎಂದು ತಿಳಿದ ಮಾವ, ಮದುವೆ ಚಪ್ಪರಕ್ಕೆ ದೀಪ ಹಾಕುವವನ ಹತ್ತಿರ ಒಂದು ಹ್ಯಾಲೊಜನ್ ತಂದು ತೂಗಿಬಿಟ್ಟರು. ಬೆಳಕೇನೋ ಬಿತ್ತು. ಅದರ ಜೊತೆಗೆ ಮದುವೆಮನೆಯ ಬಿಸಿಯೂ ಬಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಸಾರಿನ ಹದಕ್ಕೆ ಬಂದಿತ್ತು. ಮಾವ ಐಸ್ ತರಲು ಬಂದರಕ್ಕೆ ಓಡಿದರು. ಅಲ್ಲಿ ಐಸ್ ಒಡೆಯುವವನು ಕೇಳಿದನಂತೆ: "ಎಷ್ಟು ಬುಟ್ಟಿ ಮೀನಿಗೆ ಬೇಕು?" ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಮೀನಿಲ್ಲ. ಒಂದು ಅಣಬೆಗೆ." ಅವನು ಇವರ ಮುಖ ನೋಡಿ ಸಣ್ಣ ತುಂಡೊಂದನ್ನು ಹಾಗೆಯೇ ಕೊಟ್ಟು ಕಳಿಸಿದ. ಪಾಪದವರ ಹತ್ತಿರ ಯಾರಾದರೂ ವ್ಯಾಪಾರ ಮಾಡುತ್ತಾರೆಯೇ!

ಕೊನೆಗೆ ಬಂದದ್ದು ನೀಲಿ-ಬಿಳಿ ಎಲ್ಇಡಿ ದೀಪ. ಅದು ಮುಂಜಾನೆ ಮೆಲ್ಲಗೆ ನೀಲಿಯಾಗಿ ಹತ್ತಿ, ನಡುಹಗಲಿಗೆ ಬೆಳ್ಳಗಾಗಿ, ಸಂಜೆಗೆ ಮತ್ತೆ ನೀಲಿಗಿಳಿಯುತ್ತದೆ. ಹೊಸ ಬೆಳಕನ್ನು ಹವಳಕ್ಕೆ ಒಮ್ಮೆಲೇ ಪೂರ್ತಿ ಕೊಡಬಾರದಂತೆ, ಮೈ ಸುಟ್ಟುಕೊಳ್ಳುತ್ತದಂತೆ. ಅದಕ್ಕೆ ಮಾವ ಹಳೇ ಬಾವಿಯ ರಾಟೆಯನ್ನು ಹಜಾರದ ತೊಲೆಗೆ ಕಟ್ಟಿ, ಕತ್ತದ ಹಗ್ಗದಲ್ಲಿ ದೀಪ ತೂಗಿ, ವಾರಕ್ಕೆ ಒಂದು ಬೆರಳಿನಷ್ಟು ಕೆಳಗಿಳಿಸತೊಡಗಿದರು. ಕಾರವಾರದ ಅಷ್ಟೂ ಬೀದಿಗಳಿಗೆ ಕರೆಂಟಿನ ಲೆಕ್ಕ ಬರೆದವರು, ಕೊನೆಗೆ ದೀಪವನ್ನು ಬಾವಿಗೆ ಕೊಡ ಇಳಿಸಿದಂತೆ ಇಳಿಸುತ್ತ ಕೂತರು!

ಸಂಜೆ ಮನೆಯ ಕಿಟಕಿಗಳೆಲ್ಲ ನೀಲಿಯಾಗಿ ಉರಿಯುವುದನ್ನು ಕಂಡು ಒಂದು ದಿನ ಯಾರೋ ಇಬ್ಬರು ಬಾಗಿಲು ಬಡಿದರು. ನಾನೂ ಅಲ್ಲಿದ್ದೆ. ಬಂದವರಲ್ಲೊಬ್ಬ ಬಹಳ ಮರ್ಯಾದೆಯಿಂದ ಕೇಳಿದ: "ಬಾರು ಶುರು ಆಯ್ತಾ ಸಾಹೇಬ್ರೇ, ಇನ್ನೂ ಪೂಜೆ ಆಗ್ಬೇಕಾ?"

ಮಾವನಿಗೆ ಸಿಟ್ಟು ಬರಬೇಕಿತ್ತು. ಅವರು "ಬಾರಲ್ಲ, ಹವಳ. ಒಳಗೆ ಬನ್ನಿ, ತೋರಿಸ್ತೆ" ಎಂದು ಬಾಗಿಲನ್ನು ಪೂರ್ತಿ ತೆರೆದರು. ಆ ಇಬ್ಬರೂ ಬಾರಿಲ್ಲದ ಮನೆಯೊಳಗೆ ಬರುವಷ್ಟು ಮೂರ್ಖರಾಗಿರಲಿಲ್ಲ. ತೆರೆದ ಬಾಗಿಲನ್ನು ಹಿಡಿದುಕೊಂಡು ಮಾವ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಮುಚ್ಚಿದರು.

ಬೆಳಕಿನ ಕತೆ ಇಷ್ಟಾದರೆ, ಸೋಸುವ ಕತೆ ಇನ್ನೂ ಘೋರ. ನೀರಿನಲ್ಲಿ ಕಣ್ಣಿಗೆ ಕಾಣದ ಜಿಡ್ಡು ಇರುತ್ತದಂತೆ. ಅದನ್ನು ತೆಗೆಯಲು ಒಂದು ನೊರೆಯ ಯಂತ್ರ ಬಂತು. ಅಂಕೋಲೆಯ ಕಡೆ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆನೊರೆಯನ್ನು ಜಾಲರಿಯಿಂದ ಎತ್ತಿ ಚೆಲ್ಲುತ್ತಾರಲ್ಲ, ಇದರ ಕೆಲಸವೂ ಅದೇ. ಗಾಳಿಯ ಗುಳ್ಳೆ ಎಬ್ಬಿಸಿ, ನೊರೆ ಮಾಡಿ, ಕೊಳೆಯನ್ನು ಮೇಲಿನ ಬಟ್ಟಲಿಗೆ ತುಂಬಿಸುತ್ತದೆ. ಮೀನೇ ಇಲ್ಲದ ನೀರಿನಲ್ಲಿ ಕೊಳೆ ಎಲ್ಲಿಂದ ಬರಬೇಕು? ಆದರೂ ಮಾವ ಬಟ್ಟಲಿನ ತಳದಲ್ಲಿ ಕೂಡಿದ ಒಂದಿಷ್ಟು ಕಂದು ದ್ರವವನ್ನು ತುಪ್ಪದ ಬಟ್ಟಲಿನಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಒಮ್ಮೆ ಅಮ್ಮನ ಮೂಗಿನ ಹತ್ತಿರಕ್ಕೇ ತಂದರು.

"ತಮ್ಮಾ, ಇದ್ನ ತೋರ್ಸೂಕೆ ನನ್ನ ಭಾವಿಕೇರಿಯಿಂದ ಕರ್ಸಿದ್ಯಾ?" ಅಮ್ಮ ಸೆರಗು ಮೂಗಿಗೆ ಹಿಡಿದು ಹಿತ್ತಲಿಗೆ ನಡೆದಳು.

ದೇವಕ್ಕನಿಗೆ ಮಾತ್ರ ಆ ಉಪ್ಪಿನ ಚೀಲವನ್ನು ಕ್ಷಮಿಸಲಾಗಲಿಲ್ಲ. "ನಾಳೆ ಬೆಳಿಗ್ಗೆ ಸಂತೋಷ ನಾಲ್ಕು ಕೊಡ ತಂದ್ ಹಾಕ್ತ. ದೇವರು ಮಾಡಿದ್ ನೀರು ಇರೂವಾಗ ನೀವೆಂತಕ್ಕೆ ಕಲಸ್ತ್ರಿ?"

"ಮಳೆಗಾಲದಲ್ಲಿ ಇಲ್ಲಿದ್ದು ಸಮುದ್ರ ಅಲ್ಲ ದೇವಕ್ಕ, ಕಾಳಿನದಿ ಕಷಾಯ," ಎಂದರು ಮಾವ. ಅದೇನೋ ನಿಜ. ಅಳಿವೆಯ ಬಾಯಿಯಲ್ಲಿ ಮಳೆಗಾಲದ ನೀರು ಚಹಾದ ಬಣ್ಣಕ್ಕಿರುತ್ತದೆ, ಉಪ್ಪೂ ಅಷ್ಟಕ್ಕಷ್ಟೆ. ಆದರೆ ಮೀನುಗಾರರ ಮನೆಯವಳ ಎದುರು ಅವಳ ಸಮುದ್ರವನ್ನು ಕಷಾಯ ಎನ್ನಬಹುದೆ? ಬೇಲಿಯ ಮೇಲಿನ ಮಾತು ಒಂದು ವಾರ ನಿಂತಿತು.

ಆ ವಾರವನ್ನು ನಾನು ಮರೆತಿಲ್ಲ. ಯಾಕೆಂದರೆ ಆ ಭಾನುವಾರ ಮಾವ ನನ್ನನ್ನು ಬಸ್ಸಿಗೆ ಬಿಡಲೇ ಇಲ್ಲ. "ಇನ್ನೊಂದು ಚೂರು ಕೂತ್ಕ, ಇವತ್ತು ಅರಳ್ಬಹುದು" ಎನ್ನುತ್ತ ಒಂದೊಂದೇ ಬಸ್ಸು ತಪ್ಪಿಸಿದರು. ಇಬ್ಬರೂ ಕುರ್ಚಿ ಹಾಕಿಕೊಂಡು ಮುದುಡಿದ ಆ ಕಂದು ತುಂಡನ್ನು ನೋಡುತ್ತ ಕೂತೆವು. ನಾನು ಮಾತಾಡಿದರೆ, "ಮೆತ್ತಗೆ, ಅದ್ಕೆ ಈಗ ಮಧ್ಯಾಹ್ನ" ಎನ್ನುವರು. ಹೊರಗೆ ಮಳೆ ಕಪ್ಪಗೆ ಹೊಯ್ಯುತ್ತಿತ್ತು. ತೊಟ್ಟಿಯಲ್ಲಿ ಮಾತ್ರ ನೆತ್ತಿಯ ಬಿಸಿಲು. ಅದು ಅರಳಲಿಲ್ಲ. ಮಾವ ತಾವೇ ಚಹಾ ಮಾಡಿ ತಂದರು. ಅವರ ಮನೆಯಲ್ಲಿ ಎರಡನೇ ಲೋಟ ಇಲ್ಲವೆಂದು ನನಗೆ ಅಂದೇ ಗೊತ್ತಾದದ್ದು. ನನ್ನ ಪಾಲಿನದನ್ನು ಉಪ್ಪು ಅಳೆಯುವ ಪ್ಲಾಸ್ಟಿಕ್ ಜಗ್ಗಿನಲ್ಲಿ ಕೊಟ್ಟರು. ಚಹಾ ಸ್ವಲ್ಪ ಸಮುದ್ರದ ರುಚಿಯಾಗಿತ್ತು.

ನೂಲಹುಣ್ಣಿಮೆಗೆ ವರ್ಷಕ್ಕೊಮ್ಮೆ ಮಾವ ಭಾವಿಕೇರಿಗೆ ಊಟಕ್ಕೆ ಬರುವುದು ತಪ್ಪಿದ್ದಿಲ್ಲ. ಈ ಸಲ ಹವಳವನ್ನು ಬಿಟ್ಟು ಬರಲು ಒಲ್ಲೆ ಎಂದರು. "ಅದೇನು ಬಾಣಂತಿಯಾ?" ಎಂದು ಅಮ್ಮ ಫೋನಿನಲ್ಲೇ ಗದರಿದ ಮೇಲೆ ಒಪ್ಪಿದರು. ಆದರೆ ಮಳೆಗಾಲದ ಕರೆಂಟು! ಅದು ಯಾವಾಗ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ ಎಂಬುದು ಆ ಇಲಾಖೆಯಲ್ಲೇ ಮುದುಕರಾದ ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ವರ್ಟರ್ ಇತ್ತು. ಆದರೆ ಅದರ ಮೇಲೂ ನಂಬಿಕೆ ಇರಲಿಲ್ಲ. ಕೊನೆಗೆ ಬೇಲಿಯ ಹತ್ತಿರ ಹೋಗಿ, ಒಂದು ವಾರದಿಂದ ಮಾತು ಬಿಟ್ಟಿದ್ದ ದೇವಕ್ಕನ ಕೈಗೆ ಮನೆಯ ಕೀಲಿಕೈ ಕೊಟ್ಟರು. ಇನ್ವರ್ಟರಿನಲ್ಲಿ ಕೆಂಪು ದೀಪ ಹತ್ತಿದರೆ ಈ ಗುಂಡಿ ಒತ್ತಬೇಕು, ಇಷ್ಟೇ.

"ಅಷ್ಟೇ ಅಲ್ಲಾ? ಒತ್ತುವಾ" ಎಂದಳಂತೆ ಅವಳು.

ಊಟ ಮುಗಿಸಿದ ಮಾವ ಎಲೆಯಿಂದ ಎದ್ದವರೇ ಹೊರಟು ನಿಂತರು. ಸಂಘಕ್ಕೆ ರಜೆಯಿತ್ತು. ಆ ಮಳೆಯಲ್ಲಿ ಅವರೊಬ್ಬರನ್ನೇ ಕಳಿಸಲು ಅಮ್ಮನಿಗೆ ಮನಸ್ಸಾಗಲಿಲ್ಲ. ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೋಳಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಜೊತೆಗೆ ಅಟ್ಟಿದಳು. ಚಿತ್ತಾಕುಲ ಮುಟ್ಟಿದಾಗ ಹಗಲು ಇನ್ನೂ ಇತ್ತು. ಮಾವನ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲಿನ ಮೇಲೆ ಬಿಳಿಯ ನೊರೆ ಹರಿದು ಬರುತ್ತಿತ್ತು.

ಒಳಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ನೊರೆಯ ಯಂತ್ರದ ಬಟ್ಟಲು ಉಕ್ಕಿ, ನೆಲವೆಲ್ಲ ನೊರೆ. ಗಾಜಿನ ಆಚೆ ನೀರಿಲ್ಲ, ಮಜ್ಜಿಗೆ ಇದ್ದಂತಿತ್ತು. ಸೋಸುವ ಕಿಂಡಿಗೆ ಅಬ್ಬಲಿಗೆ ಹೂಗಳು ಸಿಕ್ಕಿಕೊಂಡು ತಿರುಗುತ್ತಿದ್ದವು. ನೀರಿನ ಮೇಲೆ, ನೀಲಿ ದೀಪದ ಕೆಳಗೆ, ಅರಿಶಿನ ಕುಂಕುಮ ಬಳಿದ ಒಂದು ತೆಂಗಿನಕಾಯಿ ತೇಲುತ್ತ ಗಾಜಿಗೆ ಮೆಲ್ಲಗೆ ಬಡಿಯುತ್ತಿತ್ತು. ಅದರ ಎದುರು, ನೆಲದ ಮೇಲೆ, ಕಾಲು ಚಾಚಿ ಕೂತ ದೇವಕ್ಕ ಕೈಮುಗಿದಿದ್ದಳು.

ಅಂದು ನೂಲಹುಣ್ಣಿಮೆಯೆಂದು ನಮಗೆ ನೆನಪಿತ್ತು. ಮೀನುಗಾರರಿಗೆ ಅದೇ ದಿನ ಸಮುದ್ರಪೂಜೆ ಎಂಬುದು ಮರೆತಿತ್ತು! ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ನೀರಿಗಿಳಿಯುವ ಹೊತ್ತು. ಸಮುದ್ರಕ್ಕೆ ಕಾಯಿ ಕೊಟ್ಟು, ಹಾಲೆರೆದು, ಮುನಿಯಬೇಡ ಎಂದು ಕೇಳಿಕೊಳ್ಳುವುದು ರೂಢಿ. ಸಂತೋಷನ ದೋಣಿ ಬೆಳಿಗ್ಗೆಯೇ ಹೋಗಿತ್ತು. ಗಂಡಸರು ದಂಡೆಯಲ್ಲಿ ಮಾಡಿದ ಪೂಜೆಯ ಹೊರತಾಗಿ ದೇವಕ್ಕ ಪ್ರತಿ ವರ್ಷ ತನ್ನದೇ ಒಂದು ಕಾಯಿ ಬಿಡುತ್ತಿದ್ದಳು. ಈ ಸಲ ಮರಳಿಗೆ ಕಾಲಿಡಲು ಮೊಣಕಾಲು ಒಪ್ಪಲಿಲ್ಲ, ಮಧ್ಯಾಹ್ನದಿಂದ ಗಾಳಿ ಬೇರೆ ಎದ್ದಿತ್ತು.

"ಅಲ್ಲೀತನಕ ಹೋಗೂಕಾಗ್ಲಿಲ್ಲ ಮೀಟರಣ್ಣ," ಎಂದಳು ತಿರುಗಿ ನೋಡದೆ. "ಗಾಳಿ ಕಂಡು ಹೆದರ್ಕೆ ಆಯ್ತು. ನಿಮ್ಮ ಸಮುದ್ರ ಹತ್ರ ಇತ್ತಲ್ಲಾ. ಇದ್ಕೇ ಹೇಳ್ದೆ, ನನ್ನ ಹುಡುಗನ್ನ ತಿರುಗಿ ಕಳಿಸು ಅಂತ."

"ಹಾಲು ಎಷ್ಟು?" ಎಂದರು ಮಾವ.

"ಒಂದು ಚಂಬು."

ಮೀನು ಸಹ ಬೇಡವೆಂದಿದ್ದ ನೀರಿಗೆ ಒಂದು ಚಂಬು ಹಾಲು!

ಮಾವ ಮೂಲೆಗೆ ಹೋದರು. ನೀರು ಬದಲಿಸಬೇಕಾದೀತೆಂದು ದೊಡ್ಡ ಡ್ರಮ್ಮಿನಲ್ಲಿ ಉಪ್ಪುನೀರು ಕಲಸಿ ಇಟ್ಟಿರುತ್ತಿದ್ದರು. ತೊಟ್ಟಿಯ ನೀರನ್ನೆಲ್ಲ ಆಗಲೇ ಹೊರಗೆ ಹರಿಸಿ, ಹೊಸದನ್ನು ತುಂಬಿದರೆ ಹವಳ ಉಳಿಯಬಹುದಿತ್ತು. ಅವರು ಪೈಪು ತಂದು ಒಂದು ತುದಿಯನ್ನು ತೊಟ್ಟಿಗೆ ಇಳಿಸಿದರು. ಇನ್ನೊಂದನ್ನು ಬಾಯಿಗೆ ಹಿಡಿದು ಎಳೆಯಬೇಕು, ಅಷ್ಟರಲ್ಲಿ ದೇವಕ್ಕ ನೆಲಕ್ಕೆ ಕೈಯೂರಿ ಏಳಲು ಹೋದಳು. ಏಳಲಾಗಲಿಲ್ಲ.

"ಬ್ಯಾಡ್ರಾ! ಚೆಲ್ಬೇಡಿ! ಆ ನೀರಿಗೇ ಹೇಳಿದ್ದೆ ನಾ. ಹುಡ್ಗ ಇನ್ನೂ ಸಮುದ್ರದ ಮೇಲಿದ್ದ. ದೋಣಿ ದಂಡೆಗೆ ಹತ್ತೂತನಕ ಮುಟ್ಬೇಡಿ. ನಿಮ್ಮ ಕಾಲಿಗೆ ಬೀಳ್ತೆ."

ನನಗೆ ತಿಳಿದ ಮಾವ ಹೇಗಿದ್ದರೆಂದರೆ, ತೊಟ್ಟಿಯ ಹತ್ತಿರ ಸೀನಿದರೆ ಎರಡು ದಿನ ಮುಖ ಕೊಟ್ಟು ಮಾತಾಡುವವರಲ್ಲ. ಈಗ ಏನಾಗುತ್ತದೋ ಎಂದು ಪಾತೋಳಿಯ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತೆ. ಪೈಪಿನ ತುದಿ ಅವರ ತುಟಿಯ ಹತ್ತಿರವೇ ಇತ್ತು. ಅವರು ತೊಟ್ಟಿಯ ಕಡೆ ನೋಡಿದರು. ಆ ಬಿಳಿಯಲ್ಲಿ ಹವಳವೇನೂ ಕಾಣುತ್ತಿರಲಿಲ್ಲ. ದೇವಕ್ಕನ ಕಡೆ ನೋಡಿದರು. ಆಮೇಲೆ ಪೈಪನ್ನು ಸುತ್ತಿ, ಸುತ್ತಿನ ಮೇಲೆ ಸುತ್ತು ಸರಿಯಾಗಿ ಕೂರುವಂತೆ ಒತ್ತಿ, ಗೋಡೆಯ ಮೊಳೆಗೆ ನೇತುಹಾಕಿದರು.

"ಅಡ್ಡಿಲ್ಲ ದೇವಕ್ಕ," ಎಂದರು. "ಮೇಲೆ ಕೂತ್ಕ. ನೆಲ ಒದ್ದೆ ಅದೆ."

ನಾವು ಮೂವರೂ ಕುರ್ಚಿಗಳಲ್ಲಿ ಕೂತೆವು. ಮಾವ ಆಗಾಗ ಎದ್ದು ನೊರೆಯ ಬಟ್ಟಲು ಖಾಲಿ ಮಾಡುವರು, ನೆಲ ಒರೆಸುವರು, ಮತ್ತೆ ಬಂದು ಕೂರುವರು. ಕಾಯಿ ಗಾಜಿಗೆ ಬಡಿಯುತ್ತಲೇ ಇತ್ತು. ಹಿತ್ತಲಿನಾಚೆ ದೊಡ್ಡ ಸಮುದ್ರ ಗದರುತ್ತಿತ್ತು. ದೇವಕ್ಕ ಏನೇನೋ ಹೇಳಿದಳು. ಸಂತೋಷ ಚಿಕ್ಕವನಿದ್ದಾಗ ಬುಟ್ಟಿಯಲ್ಲಿ ಕೂರಿಸಿಕೊಂಡು ಮೀನು ಮಾರಲು ಹೋದದ್ದು, ಒಬ್ಬಳು ಗಿರಾಕಿ ಮಗುವನ್ನೇ ಎತ್ತಿಕೊಂಡು "ಇದ್ಕೆಷ್ಟು?" ಎಂದದ್ದು. ಮಾವ ನಕ್ಕರು. "ಆ ಮನೆ ಗೊತ್ತದೆ. ಮೀಟರು ಎಡಕ್ಕೆ," ಎಂದರು. ದೇವಕ್ಕನೂ ನಕ್ಕಳು. ಆಮೇಲೆ ಗಾಳಿಯೊಂದು ಹೆಂಚಿನ ಮೇಲೆ ಹಾದುಹೋಯಿತು, ದೇವಕ್ಕ ಮತ್ತೆ ಕಾಯಿಯ ಕಡೆ ಕೈಮುಗಿದಳು. ಪಾತೋಳಿಯನ್ನು ಯಾರೂ ಮುಟ್ಟಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಕೂಗು ಕೇಳಿಸಿತು: "ಆಯೀ! ಮನೆ ಬಾಗಿಲು ತೆಕ್ಕಂಡೇ ಅದೆ, ಎಲ್ ಹೋದೆ?" ಮೈಯೆಲ್ಲ ಒದ್ದೆಯಾದ ಸಂತೋಷ ಹೊಸ್ತಿಲಲ್ಲಿ ನಿಂತು, ನೊರೆ ನೋಡಿ, ಕಾಯಿ ನೋಡಿ, ತಾಯಿಯನ್ನು ನೋಡಿದ. "ಇಲ್ಲೆಂತ ಮಾಡ್ತೆ ನೀನು?"

ದೇವಕ್ಕ ಅವನ ಮೊಣಕೈ ಹಿಡಿದು ಹಿಂಡಿದಳು, ಮೀನು ತಾಜಾ ಇದೆಯೇ ಎಂದು ನೋಡುವವಳ ಹಾಗೆ. ಮಾವ ಆಗಲೇ ಮೊಳೆಯಿಂದ ಪೈಪು ತೆಗೆದಿದ್ದರು. ಹಾಲು ಕದಡಿದ ನೀರನ್ನು ಬಾಯಿಗೆ ಎಳೆದು ಉಗಿದರು. ಸಂತೋಷ ಏನೂ ಅರ್ಥವಾಗದೆ ಡ್ರಮ್ಮಿಗೆ ಕೈ ಕೊಟ್ಟ.

ಆಮೇಲೆ ಸಂಘದಲ್ಲಿ ವರ್ಷದ ಲೆಕ್ಕಪರಿಶೋಧನೆ ಬಂದು ಎರಡು ಮೂರು ಭಾನುವಾರ ನನಗೆ ಹೋಗಲಾಗಲಿಲ್ಲ. ಹೋದ ದಿನ ಬಾಗಿಲಲ್ಲೇ ನಿಂತುಬಿಟ್ಟೆ. ತೊಟ್ಟಿಯ ನೀರು ಗಾಳಿಯಷ್ಟು ತಿಳಿಯಾಗಿತ್ತು. ದೀಪ ತನ್ನ ಹಗ್ಗದಲ್ಲಿ ಇನ್ನೊಂದು ಬೆರಳು ಕೆಳಗಿಳಿದಿತ್ತು. ಅದರ ನಡುಹಗಲಿನಲ್ಲಿ, ಕಲ್ಲಿನ ಮೇಲೆ, ಆ ಕಂದು ತುಂಡು ಎಳೆಎಳೆಯಾಗಿ ಬಿಚ್ಚಿಕೊಂಡು ನೀರಿನ ಜೊತೆ ಮೆಲ್ಲಗೆ ತೂಗುತ್ತಿತ್ತು.

"ಅರಳ್ತಾ ಮಾವಾ!" ಎಂದು ಕೂಗಿದೆ.

ಮಾವ ತುಟಿಗೆ ಬೆರಳಿಟ್ಟು, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು.

"ಅದು ಹೋಯ್ತು ಮಗಾ. ಆ ವಾರವೇ. ಕರಗಿ ಹೋಯ್ತು."

"ಮತ್ತೆ ಅಲ್ಲಿರೂದು?"

ಮಾವ ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದರು: "ಹೀರೇಕಾಯಿ ನಾರು."

ಹೌದು. ಬಚ್ಚಲಿನಲ್ಲಿ ಮೈ ತಿಕ್ಕುವ ಒಣ ಹೀರೇಕಾಯಿಯ ನಾರು! ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ದಾರದಿಂದ ಕಲ್ಲಿಗೆ ಕಟ್ಟಿ, ಪಾರ್ಸಲಿನ ಉಪ್ಪಿನಲ್ಲಿ ಕಲಸಿದ ಸಮುದ್ರದಲ್ಲಿ ಇಳಿಬಿಟ್ಟಿದ್ದರು. ಅದರ ಮೇಲೆ ಸೂರ್ಯೋದಯವೂ ಸೂರ್ಯಾಸ್ತವೂ ತಪ್ಪದೆ ನಡೆಯುತ್ತಿದ್ದವು. ಅದಕ್ಕಾಗಿ ನೊರೆಯ ಯಂತ್ರ ಹಗಲಿರುಳು ಜಿಡ್ಡು ತೆಗೆಯುತ್ತಿತ್ತು. ನನಗೆ ನಗು ಬಂತು. ಮಾವನ ಬೆನ್ನು ನೋಡಿ ನಿಂತುಹೋಯಿತು.

"ದೇವಕ್ಕ ದಿನಾ ಬರ್ತದೆ," ಎಂದರು. "ಬಂದು, ನನ್ನ ಹಾಲಿಂದ ಅದ್ಕೆ ಎಂತದೂ ಆಗ್ಲಿಲ್ಲ ಅಲ್ಲಾ ಮೀಟರಣ್ಣ, ಅಂತ ಕೇಳ್ತದೆ. ಎಂತ ಹೇಳೂದು ನಾ? ಅವಳ ಹುಡ್ಗ ಬಂದ. ಅದು ಸುಳ್ಳಾ?"

ಚಹಾ ಕುದಿಯುತ್ತಿತ್ತು. ಕಟ್ಟೆಯ ಮೇಲೆ ಹೊಸ ಲೋಟಗಳಿದ್ದವು.

ಅಷ್ಟರಲ್ಲಿ ಅವಳೇ ಬಂದಳು. ಬೇಲಿಯ ಹತ್ತಿರ ನಿಲ್ಲಲಿಲ್ಲ, ಜಗುಲಿಯಲ್ಲೂ ನಿಲ್ಲಲಿಲ್ಲ. ನೇರ ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಗಾಜಿನ ಕಡೆ ಬಗ್ಗಿ, "ಇವತ್ತು ಲಾಯ್ಕ ಅದೆ. ನಿನ್ನೆಗಿಂತ ಒಂದ್ ಚೂರು ದೊಡ್ಡ ಆಯ್ತು ಕಾಣ್ತದೆ," ಎಂದಳು. ಮಾವ ಬಹಳ ಗಂಭೀರವಾಗಿ, ಬೆಳಕನ್ನು ಇಳಿಸಿದ್ದರಿಂದ ಹಾಗಾಗಿರಬಹುದು ಎಂದರು. ಮೂವರೂ ಚಹಾ ಕುಡಿದೆವು.

ನಾನು ಬಸ್ಸಿಗೆ ಹೊರಟಾಗ ದೇವಕ್ಕ ಮೊಣಕಾಲು ಎಳೆಯುತ್ತ ಬೇಲಿಬಾಗಿಲ ದಣಪೆಯ ತನಕ ಬಂದಳು. ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ತಂಗೀ, ಅದು ಹೀರೇಕಾಯಿ ನಾರು."

ನಾನು ಕಿಟಕಿಯ ಕಡೆ ತಿರುಗಿ ನೋಡಿದೆ.

"ದಿನಾ ಬೆನ್ನು ತಿಕ್ಕೂದು ಅದ್ರಿಂದೇ, ನಂಗೆ ಗುರ್ತಾಗೂದಿಲ್ವಾ? ಮೊದಲ ದಿನವೇ ಗೊತ್ತಾಯ್ತು."

"ಮತ್ತೆ ಮಾವನಿಗೆ ಯಾಕೆ ಹೇಳ್ಲಿಲ್ಲ ದೇವಕ್ಕ?"

"ಹೇಳಿದ್ರೆ ದೀಪ ಆರಿಸ್ತ್ರು." ಅವಳು ದಣಪೆಯ ಗಳವನ್ನು ನನಗಾಗಿ ಸರಿಸಿದಳು. "ಆರಿಸಿ, ಮತ್ತೆ ಒಬ್ರೇ ಆ ಮನೇಲಿ ಕೂತ್ಕಂಡು ಎಂತ ನೋಡ್ತ್ರು?"

ನಾನು ರಸ್ತೆಗೆ ಇಳಿದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಾಗ ದೇವಕ್ಕ ತನ್ನ ಮನೆಯ ಕಡೆ ಹೋಗುತ್ತಿರಲಿಲ್ಲ. ಒಳಗಿನಿಂದ ಮಾವನ ಕೂಗು ಕೇಳಿಸಿತು: "ದೇವಕ್ಕಾ, ಓ ದೇವಕ್ಕಾ! ಬೇಗ ಬಾ, ಈಗ ಅಲ್ಲಾಡ್ತು!"

"ನಿಲ್ರಾ, ಬಂದೆ!" ಅವಳು ಜಗುಲಿಯ ಕಂಬ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. "ನಾ ಇಲ್ದಿದ್ದಾಗ ಅಲ್ಲಾಡ್ಬೇಡ ಅಂತ ಹೇಳಿ ಅದ್ಕೆ!"